ಬಾದಾಮಿಗೂ ಮೊದಲು ಮಣ್ಣೂರ

ಆಳಂದದ ನಮ್ಮ ಹೈಸ್ಕೂಲಿನಲ್ಲಿ ಪ್ರತಿವರ್ಷ ಟೈಮ್‌ಟೇಬಲ್ ಹಾಕುವ ಕೆಲಸ ನನ್ನ ಕೊರಳಿಗೇ ಬೀಳುತ್ತದೆ. ಗಣಿತದ ಟೀಚರು, ಲೆಕ್ಕ ತಪ್ಪುವುದಿಲ್ಲ ಎಂದು ಎಲ್ಲರ ನಂಬಿಕೆ. ಯಾರಿಗೆ ಯಾವ ಪಿರಿಯಡ್ ಕೊಟ್ಟರೆ ಯಾರು ಮುಖ ಊದಿಸಿಕೊಳ್ಳುತ್ತಾರೆ ಎಂಬುದೂ ನನಗೆ ಬಾಯಿಪಾಠ. ಹೀಗಾಗಿ ದಸರಾ ರಜೆಯಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು ಬರೋಣವೆಂದು ಮನೆಯಲ್ಲಿ ಮಾತಾದಾಗ ನಾನು ಮೊದಲು ಮಾಡಿದ ಕೆಲಸ, ದೊಡ್ಡ ಹಾಳೆಯೊಂದನ್ನು ಹಾಸಿ ಸ್ಕೇಲಿಟ್ಟು ಗೆರೆ ಎಳೆದದ್ದು.

“ಈ ಸಲ ಆರಾಮ ಹೋಗಿ ಆರಾಮ ಬರೋದು ನೋಡು. ಓಡಾಟ ಬ್ಯಾಡ, ಗದ್ದಲ ಬ್ಯಾಡ” ಎಂದಿದ್ದರು ನಮ್ಮ ಮನೆಯವರು. ಅವರು ಸರ್ವೆ ಇಲಾಖೆಯಲ್ಲಿದ್ದಾರೆ. ಜನರ ಹೊಲ ಅಳೆದು, ಬದುವಿನ ಜಗಳಗಳ ನಡುವೆ ನಿಂತು ನಿಂತು ಸಾಕಾಗಿತ್ತು ಅವರಿಗೆ. ಆರಾಮ ಅಂದರೆ ಆರಾಮ ಎಂದು ನಾನೂ ಒಪ್ಪಿದೆ. ಮೂರು ದಿನಗಳ ಹಾಳೆ ತಯಾರಾಯಿತು. ಎಷ್ಟಕ್ಕೆ ಏಳುವುದು, ಎಷ್ಟಕ್ಕೆ ಹೊರಡುವುದು, ಯಾವ ಗುಡಿಗೆ ಎಷ್ಟು ಹೊತ್ತು, ಎಲ್ಲವೂ ಬಂತು. ಕಾಲೇಜಿಗೆ ಹೋಗುವ ನಮ್ಮ ಮಗಳು ಅದನ್ನು ಓದಿ ಬಿದ್ದು ಬಿದ್ದು ನಕ್ಕಳು.

“ಮಮ್ಮೀ, ಎರಡೂವರಿಯಿಂದ ಮೂರೂಕಾಲು ‘ಆರಾಮ’ ಅಂತ ಬರ್ದೀದಿ. ಆರಾಮಕ್ಕೂ ಪಿರಿಯಡ್ ಹಾಕಿದ್ರ ಬೆಲ್ ಯಾರ್ ಹೊಡಿತಾರ?”

ನನಗೆ ಸಿಟ್ಟು ಬಂತು. ಯೋಜನೆ ಹಾಕುವವರನ್ನು ಕಂಡರೆ ಯಾವಾಗಲೂ ನಗುವವರೇ. ಬಸ್ಸು ತಪ್ಪಿದಾಗ, ನೀರಿನ ಬಾಟಲಿ ಮರೆತಾಗ, ಅವರೇ ಬಂದು ನಮ್ಮ ಮುಂದೆ ಕೈ ಚಾಚುತ್ತಾರೆ. ಆದರೆ ನಿಜ ಹೇಳಬೇಕೆಂದರೆ ಆ ಹಾಳೆಯಲ್ಲಿ ಇದ್ದದ್ದು ಯೋಜನೆಗಿಂತ ಹೆಚ್ಚಾಗಿ ನನ್ನ ಹೆದರಿಕೆ. ಹೆದರಿಕೆ ಒಂದೇ ವಿಷಯದ್ದು. ನಮ್ಮ ಅತ್ತೆಯನ್ನು ಕರೆದುಕೊಂಡು ಹೋಗುವುದೋ, ಬಿಟ್ಟು ಹೋಗುವುದೋ?

ಅತ್ತೆಗೆ ಎಪ್ಪತ್ತಾರು ದಾಟಿದೆ. ಹುಟ್ಟಿದ್ದು ಅಫಜಲಪುರದ ಆಚೆ, ಭೀಮಾ ದಂಡೆಯ ಮಣ್ಣೂರಿನಲ್ಲಿ. ಕೊಟ್ಟದ್ದು ನಮ್ಮ ತಾಲ್ಲೂಕಿನ ಕಿಣ್ಣಿ ಸುಲ್ತಾನ ಎಂಬ ಊರಿಗೆ. ಮಾವ ತೀರಿಕೊಂಡ ಮೇಲೆ ಆಳಂದಕ್ಕೆ ಬಂದು ನಮ್ಮ ಜೊತೆ ಇದ್ದಾರೆ. ಎರಡು ವರ್ಷದಿಂದ ಅವರ ಮರೆವು ಬರಬರುತ್ತ ಹೆಚ್ಚಾಗಿದೆ. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಬೀಳುತ್ತಿತ್ತು, ನಕ್ಕು ಸುಮ್ಮನಾಗುತ್ತಿದ್ದೆವು. ಆಮೇಲೆ ಮೊಮ್ಮಗಳನ್ನು ಕೊಳಕೂರಿಗೆ ಕೊಟ್ಟ ತಮ್ಮ ಮಗಳೆಂದು ತಿಳಿದು, ಊರಿಂದ ಯಾವಾಗ ಬಂದೆ, ಅಳಿಯಂದಿರು ಆರಾಮ ಅದಾರೇನು ಎಂದು ಕೇಳತೊಡಗಿದರು. ಕಳೆದ ಬೇಸಿಗೆಯಲ್ಲಿ ಒಂದು ದಿನ ನಾನು ಶಾಲೆಯಿಂದ ಬರುವಷ್ಟರಲ್ಲಿ ಮನೆಯಲ್ಲಿ ಇರಲಿಲ್ಲ. ಓಣಿಯೆಲ್ಲ ಹುಡುಕಿದೆವು. ಕಡೆಗೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಕೂತಿದ್ದರು. ಎಲ್ಲಿಗೆ ಎಂದರೆ “ಮಣ್ಣೂರಿಗೆ. ನಮ್ಮಪ್ಪ ಕಾಯಾಕತ್ತಾನ” ಎಂದರು. ಕಲಬುರಗಿಯ ಡಾಕ್ಟರು ಸ್ಕ್ಯಾನ್ ನೋಡಿ, ಇದು ಇನ್ನು ಹಿಂದಕ್ಕೆ ಹೋಗುವುದಲ್ಲ, ನಿಧಾನಕ್ಕೆ ಮುಂದಕ್ಕೇ ಹೋಗುತ್ತದೆ ಎಂದು ಮೆತ್ತಗೆ ಹೇಳಿದರು. ಇದರ ಮೇಲೆ ಸಕ್ಕರೆ ಕಾಯಿಲೆ ಬೇರೆ. ದಿನಾ ಬೆಳಿಗ್ಗೆ ನಾಷ್ಟಾಕ್ಕೆ ಮೊದಲು ನಾನೇ ಸೂಜಿ ಚುಚ್ಚಬೇಕು. ಚುಚ್ಚಿದ ಅರ್ಧ ಗಂಟೆಯೊಳಗೆ ಅವರು ಉಣ್ಣಲೇಬೇಕು.

ಹಾಗೆಂದು ಬಿಟ್ಟು ಹೋಗೋಣವೆಂದರೆ, ಈ ಪ್ರವಾಸವನ್ನು ಎಲ್ಲರಿಗಿಂತ ಮೊದಲು ಬಯಸಿದವರು ಅವರೇ. ಅತ್ತೆ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಅವರು ಹೊಲಿದ ಕೌದಿ ಇಲ್ಲದ ಮನೆ ನಮ್ಮ ಬಳಗದಲ್ಲಿಲ್ಲ. ಅವರ ಟ್ರಂಕಿನ ಮುಚ್ಚಳದ ಒಳಗೆ ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದೆ. ಪಟ್ಟದಕಲ್ಲಿನ ಗುಡಿಯೊಂದರ ಕಲ್ಲಿನ ಜಾಲಿಕಿಟಕಿ ಅದು. ಅದನ್ನು ನೋಡಿ ನೋಡಿಯೇ ಅವರು ಕೌದಿಯ ಅಂಚಿಗೆ ಜಾಲಿ ಹೊಲಿಯುವುದು ಕಲಿತರಂತೆ. ಗುಡಿಯ ದೇವರ ಬಗ್ಗೆ ಅವರಿಗೆ ಅಷ್ಟೇನೂ ಆಸೆಯಿಲ್ಲ. ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. “ದೇವರು ಎದಿ ಮ್ಯಾಲೇ ಅದಾನ, ಅವನ್ನ ನೋಡಾಕ ಅಷ್ಟ ದೂರ ಯಾಕ ಹೋಗ್ಲಿ? ನನಗ ಆ ಕಿಟಕಿ ನೋಡಬೇಕವ್ವಾ. ಕಲ್ಲಿನಾಗ ಅದ್ಹ್ಯಾಂಗ ತೂತು ಕೊರದಾರೋ, ಒಂದ್ಸಲ ಕೈ ಆಡಿಸಿ ನೋಡಬೇಕು” ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದಾರೋ. ಅವರಿಗೆ ಎಲ್ಲ ನೆನಪಿದ್ದ ಕಾಲದಲ್ಲಿ ನಮಗೆ ಪುರಸೊತ್ತು ಇರಲಿಲ್ಲ.

ವಿಷಯ ತಿಳಿದು ನನ್ನ ನಾದಿನಿ ಕೊಳಕೂರಿನಿಂದ ಫೋನ್ ಮಾಡಿದಳು. ಜೇವರ್ಗಿ ತಾಲ್ಲೂಕಿನ ಆ ಊರಲ್ಲಿ ಅವರದು ಹತ್ತಿಯ ಹೊಲ. ಮನಸ್ಸಿನಲ್ಲಿ ಒಂದು ಬಾಯಲ್ಲಿ ಒಂದು ಇಲ್ಲದ ಹೆಂಗಸು.

“ವೈನೀ, ಅವ್ವನ್ನ ಕರ್ಕೊಂಡು ಆ ಗುಡ್ಡ, ಆ ಮೆಟ್ಟಿಲು ಹತ್ತೋದು ಆಗೋ ಮಾತಲ್ರಿ. ಮಂದ್ಯಾಗ ತಪ್ಪಿಸ್ಕೊಂಡ್ಲಂದ್ರ ಏನ್ ಮಾಡ್ತೀರಿ? ಜೇವರ್ಗಿ ಮ್ಯಾಲೇ ಹೋಗ್ತೀರಲ್ಲ, ನಮ್ಮ ಮನ್ಯಾಗ ಬಿಟ್ಟು ಹೋಗ್ರಿ. ಮೂರು ದಿನ ನಾ ನೋಡ್ಕೋತೇನಿ. ನೀವು ಬೇಫಿಕರ್ ಹೋಗಿ ಬರ್ರಿ.”

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ತೊಂದರೆ. ಆಳಂದದಿಂದ ವಿಜಯಪುರದ ಕಡೆ ಹೋಗಲು ಎರಡು ದಾರಿ. ಕಲಬುರಗಿಗೆ ಹೋಗಿ ಜೇವರ್ಗಿಯ ಮೇಲೆ ಹಾಯುವುದು ಒಂದು, ಅಫಜಲಪುರದ ಮೇಲೆ ಹಾಯುವುದು ಇನ್ನೊಂದು. ಜೇವರ್ಗಿಯ ದಾರಿ ಹಿಡಿದರೆ ಅತ್ತೆ ಕೊಳಕೂರಿನಲ್ಲಿ ಇಳಿಯುತ್ತಾರೆ. ಅಫಜಲಪುರದ ದಾರಿ ಹಿಡಿದರೆ ನಮ್ಮ ಜೊತೆ ಬರುತ್ತಾರೆ. ಮನೆಯವರು ನಕಾಶೆ ತೆಗೆದು, ಯಾವ ರಸ್ತೆ ಚೆನ್ನಾಗಿದೆ, ಎಲ್ಲಿ ತಗ್ಗು ಬಿದ್ದಿವೆ ಎಂದು ಒಂದು ವಾರ ಮಾತಾಡಿದರು. ಇಬ್ಬರಿಗೂ ಗೊತ್ತಿತ್ತು, ನಾವು ರಸ್ತೆಯ ಮಾತು ಆಡುತ್ತಿಲ್ಲವೆಂದು. ಆದರೆ ಅವ್ವನನ್ನು ಬಿಡೋಣ ಎಂದು ಮೊದಲು ಯಾರು ಬಾಯಿ ಬಿಡಬೇಕು?

ಕಡೆಗೆ ನಾನೇ ಒಂದು ಉಪಾಯ ಹೇಳಿದೆ. ರಜೆಗೂ ಮೊದಲಿನ ಭಾನುವಾರ ಅತ್ತೆಯನ್ನು ಮಣ್ಣೂರಿಗೆ ಕರೆದುಕೊಂಡು ಹೋಗುವುದು. ಎರಡು ತಾಸಿನ ದಾರಿ. ಅಲ್ಲಿ ನದಿ ಇದೆ, ಹಳೆಯ ಗುಡಿ ಇದೆ, ಮೆಟ್ಟಿಲಿವೆ, ಅಮಾವಾಸ್ಯೆ ಅಲ್ಲದಿದ್ದರೂ ನಾಲ್ಕು ಜನ ಇದ್ದೇ ಇರುತ್ತಾರೆ. ಬೆಳಿಗ್ಗೆ ಬೇಗ ಹೊರಟು, ಹೊರಗೇ ಸೂಜಿ ಚುಚ್ಚಿ, ಹೊರಗೇ ನಾಷ್ಟಾ ಮಾಡಿಸಿ, ಗುಡಿ ನೋಡಿ ಮಧ್ಯಾಹ್ನಕ್ಕೆ ವಾಪಸ್. ಇದನ್ನು ಅವರು ತಾಳಿದರೆ ಬಾದಾಮಿಯನ್ನೂ ತಾಳುತ್ತಾರೆ.

“ಅಂದ್ರ ಆಯಿಗೆ ಪರೀಕ್ಷಾ ಇಟ್ಟೀದಿ” ಎಂದಳು ಮಗಳು.

“ಪರೀಕ್ಷಾ ಅಲ್ಲ, ರಿಹರ್ಸಲ್” ಎಂದೆ.

ಆದರೆ ಅವಳು ಹೇಳಿದ್ದೇ ಸರಿ. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಟೈಮ್‌ಟೇಬಲ್ಲಿನ ಮೊದಲ ದಿನದ ಮೊದಲ ಸಾಲಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಅತ್ತೆ – ಕೊಳಕೂರ’ ಎಂದು ಬರೆದಿಟ್ಟಿದ್ದೆ. ಉಳಿದದ್ದೆಲ್ಲ ಇಂಕಿನಲ್ಲಿ, ಅದೊಂದು ಪೆನ್ಸಿಲಿನಲ್ಲಿ. ಪರೀಕ್ಷೆ ಇಡುವ ಮೊದಲೇ ಅಂಕ ಬರೆದಿಟ್ಟ ಟೀಚರು ನಾನು.

ಆ ಭಾನುವಾರ ಐದಕ್ಕೇ ಎದ್ದು ಕಟಕರೊಟ್ಟಿ, ಶೇಂಗಾ ಹಿಂಡಿ, ಮೊಸರು, ಪುಂಡಿಪಲ್ಯ ಕಟ್ಟಿದೆ. ಸೂಜಿ, ಔಷಧ, ಸಕ್ಕರೆ ಅಳೆಯುವ ಮಷಿನ್ ಒಂದು ಚೀಲಕ್ಕೆ. ಆಧಾರ ಕಾರ್ಡು, ಡಾಕ್ಟರ ಚೀಟಿಗಳು ಇನ್ನೊಂದು ಸಣ್ಣ ಜಿಪ್ ಚೀಲಕ್ಕೆ. ಅದನ್ನು ಎಲ್ಲಿಯೂ ಇಡುವುದಿಲ್ಲ, ನನ್ನ ಕೊರಳಿಗೇ ಹಾಕಿಕೊಳ್ಳುತ್ತೇನೆ. ಅತ್ತೆ ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತರು. ಬೇರೆ ಏನು ಮರೆತರೂ ಇದನ್ನು ಅವರು ಮರೆತದ್ದಿಲ್ಲ. ಪೂಜೆ ಮುಗಿಸಿ ಲಿಂಗವನ್ನು ಅದರ ಬೆಳ್ಳಿ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಾಗ ನನ್ನ ಕಣ್ಣು ಅದರ ದಾರದ ಮೇಲೆ ಬಿತ್ತು. ಶಿವದಾರ ಹಳೆಯದಾಗಿ ಒಂದು ಕಡೆ ಎಳೆ ಎಳೆಯಾಗಿ ನಿಂತಿತ್ತು. ನನ್ನ ತಲೆಯಲ್ಲಿ ತಕ್ಷಣ ಬಾದಾಮಿಯ ಮೆಟ್ಟಿಲು, ಜನರ ನೂಕಾಟ, ದಾರ ಹರಿದು ಕರಡಿಗೆ ಕಲ್ಲಿನ ಮೇಲೆ ಉರುಳುವುದು ಎಲ್ಲ ಕಂಡಿತು. ಕೆಟ್ಟದ್ದು ನನಗೆ ಯಾವಾಗಲೂ ಬಣ್ಣಬಣ್ಣವಾಗಿಯೇ ಕಾಣುತ್ತದೆ.

“ಅತ್ತೀ, ಜರಾ ಕೊಡ್ರಿಲ್ಲಿ. ದಾರ ಬದಲಿ ಮಾಡಿ ಕೊಡ್ತೇನಿ” ಎಂದೆ.

ಅವರು ಕೊಡಲಾರದೆ ಕೊಟ್ಟರು. ಹೊಸ ದಾರ ತಂದಿಟ್ಟಿದ್ದೆ. ಹಳೆಯದನ್ನು ಬಿಚ್ಚಿದ್ದೆನಷ್ಟೇ, ಫೋನ್ ಬಂತು. ನಾದಿನಿ. ಹೊರಟಿರೇನು, ಸೂಜಿ ತಗೊಂಡಿರೇನು, ಅವ್ವನಿಗೆ ಶಾಲು ಇಟ್ಟುಕೊಂಡಿರೇನು. ಅತ್ತ ಮನೆಯವರು ಕಾರಿನ ಹಾರ್ನ್ ಒತ್ತುತ್ತಿದ್ದಾರೆ. ಗಡಿಯಾರ ಆರೂವರೆ ದಾಟಿದೆ. ಕಳೆಯಬಾರದಲ್ಲ ಎಂದು ಕರಡಿಗೆಯನ್ನು ಕರ್ಚೀಫಿನಲ್ಲಿ ಸುತ್ತಿ, ಹೊಸ ದಾರದ ಜೊತೆ ಕೊರಳಿನ ಜಿಪ್ ಚೀಲಕ್ಕೆ ಹಾಕಿದೆ. ಕಾರಿನಲ್ಲಿ ಕೂತು ಪೋಣಿಸಿಕೊಟ್ಟರಾಯಿತು ಎಂದುಕೊಂಡೆ. ಕಾರಿನಲ್ಲಿ ಕೂತ ಕೂಡಲೆ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂಬ ಚಿಂತೆ ಹತ್ತಿತು. ಮಗಳನ್ನು ಇಳಿಸಿ ನೋಡಿ ಬರಲು ಕಳಿಸಿದೆ. ಬಂದ್ ಆಗಿತ್ತು. ಅಷ್ಟರಲ್ಲಿ ದಾರದ ಮಾತು ನನ್ನ ತಲೆಯಿಂದ ಪೂರ್ತಿ ಹೋಯಿತು.

ದಾರಿಯುದ್ದಕ್ಕೂ ತೊಗರಿ ಎದೆಮಟ್ಟ ನಿಂತಿತ್ತು. ಅತ್ತೆ ಕಿಟಕಿಯ ಹತ್ತಿರ ಕೂತು ಹೊರಗೆ ನೋಡುತ್ತಿದ್ದರು. ನಾನು ಸಣ್ಣ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ‘ಒಂದು ತಾಸು ಕೂತರು – ಸರಿ. ವಾಂತಿ – ಇಲ್ಲ. ಎಲ್ಲಿಗೆ ಹೊರಟಿದ್ದೇವೆ ಎಂದು ಕೇಳಿದ್ದು – ನಾಲ್ಕು ಸಲ.’ ಅಫಜಲಪುರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಅತ್ತೆಗೆ ಸಕ್ಕರೆಯಿಲ್ಲದ ಚಹಾ ತಂದುಕೊಟ್ಟರೆ “ಬ್ಯಾಡವ್ವಾ” ಎಂದು ಕಪ್ಪನ್ನು ದೂರ ಸರಿಸಿದರು. ನೀರಾದರೂ ಕುಡಿಯಿರಿ ಎಂದರೆ ಅದೂ ಬೇಡ. ದಾರಿಯಲ್ಲಿ ಇಳಿಸುವ ತಾಪತ್ರಯ ಇಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು. ಪುಸ್ತಕದಲ್ಲಿ ಅದಕ್ಕೂ ಒಂದು ‘ಸರಿ’ ಹಾಕಿದೆ.

ಮಣ್ಣೂರು ಮುಟ್ಟಿದಾಗ ಎಂಟೂಮುಕ್ಕಾಲು. ಹೊಳೆ ತುಂಬಿ ಹರಿಯುತ್ತಿತ್ತು. ಕಾರಿನಿಂದ ಇಳಿದ ಅತ್ತೆ ನಮ್ಮ ಯಾರ ಕೈಯನ್ನೂ ಹಿಡಿಯದೆ ಸರಸರನೆ ನಡೆದರು. ಇಲ್ಲಿ ಬಟ್ಟೆ ಒಗೆಯುತ್ತಿದ್ದೆವು, ಇಲ್ಲಿಂದ ನೀರು ಹೊರುತ್ತಿದ್ದೆವು, ಒಂದು ವರ್ಷ ನೀರು ಇಲ್ಲಿಯವರೆಗೂ ಬಂದಿತ್ತು ಎಂದು ಒಂದೊಂದೇ ತೋರಿಸಿದರು. ಮೊಮ್ಮಗಳನ್ನು ಮೊಮ್ಮಗಳೆಂದೇ ಕರೆದರು. ಮನೆಯವರು ನನ್ನ ಕಡೆ ನೋಡಿದರು, ಕಣ್ಣಲ್ಲಿ ಸಂತೋಷವಿತ್ತು. ನನಗೂ ಧೈರ್ಯ ಬಂತು. ಬೇವಿನ ಗಿಡದ ನೆರಳಲ್ಲಿ ಚಾಪೆ ಹಾಸಿ, ಹಾಳೆಯಲ್ಲಿ ಬರೆದ ಹೊತ್ತಿಗೆ ಸರಿಯಾಗಿ ಅವರ ತೋಳಿಗೆ ಸೂಜಿ ಚುಚ್ಚಿದೆ. ಅರ್ಧ ಗಂಟೆಗೆ ನಾಷ್ಟಾ.

ಒಂಬತ್ತೂಕಾಲಿಗೆ ಡಬ್ಬಿ ಬಿಚ್ಚಿದೆ. ಅತ್ತೆ ತಾಟನ್ನು ನೋಡಿದರು, ಮುಟ್ಟಲಿಲ್ಲ.

“ಉಣ್ರಿ ಅತ್ತೀ.”

“ಒಲ್ಲೆ.”

“ಸೂಜಿ ಹಾಕೇನ್ರಿ. ಉಣ್ಣಲಿಲ್ಲಂದ್ರ ಚಕ್ಕರ್ ಬರ್ತದ.”

“ಒಲ್ಲೆ ಅಂದ್ನೆಲ್ಲ. ಇನ್ನಾ ಆಗಿಲ್ಲ.”

“ಏನ್ ಆಗಿಲ್ರಿ?”

ಅವರು ನನ್ನ ಮುಖವನ್ನೇ ನೋಡಿದರು. ಏನೋ ಹೇಳಬೇಕು, ಮಾತು ಸಿಗುತ್ತಿಲ್ಲ. “ಇನ್ನಾ ಆಗಿಲ್ಲ” ಎಂದು ಮತ್ತೆ ಅಂದರು. ಹೊತ್ತಾಗಿಲ್ಲ ಎನ್ನುತ್ತಿದ್ದಾರೆ ಎಂದು ತಿಳಿದು ಗಡಿಯಾರ ತೋರಿಸಿದೆ. ರೊಟ್ಟಿ ಮುರಿದು ಮೊಸರಲ್ಲಿ ಅದ್ದಿ ಬಾಯಿಯ ಹತ್ತಿರ ಒಯ್ದೆ. ತುಟಿ ಬಿಗಿಹಿಡಿದು ಮುಖ ತಿರುಗಿಸಿದರು. ಮಗಳು ಮುದ್ದು ಮಾಡಿ ನೋಡಿದಳು. ಮನೆಯವರು “ಯವ್ವಾ, ನನ್ನ ಸಲುವಾಗಿ ಒಂದ್ ತುತ್ತು” ಎಂದರು. ಇಲ್ಲ. ಅರ್ಧ ತಾಸು ಹೀಗೇ ಹೋಯಿತು. ನನ್ನ ಸಹನೆ ತಪ್ಪಿತು. ಶಾಲೆಯಲ್ಲಿ ಮಕ್ಕಳಿಗೆ ಜೋರು ಮಾಡುವ ಧ್ವನಿಯಲ್ಲಿ, ಹೊಳೆಯ ದಂಡೆಯ ಮೇಲಿದ್ದ ನಾಲ್ಕು ಜನ ತಿರುಗಿ ನೋಡುವ ಹಾಗೆ, “ಬಾಯಿ ತೆಗೀರಿ ಅಂದ್ರ ತೆಗೀಬೇಕು!” ಎಂದು ಗದರಿದೆ.

ಅತ್ತೆ ತೆಗೆಯಲಿಲ್ಲ. ಅವರ ಬಲಗೈ ಮಾತ್ರ ಎದೆಯ ಮೇಲೆ ಹೋಯಿತು. ಒಮ್ಮೆ ತಡವಿದರು, ಮತ್ತೆ ತಡವಿದರು. ಹಣೆಯಲ್ಲಿ ಬೆವರು ಒಡೆದಿತ್ತು. ಬೆರಳು ನಡುಗುತ್ತಿದ್ದವು. ಮಷಿನ್ ತೆಗೆದು ಒಂದು ಹನಿ ರಕ್ತ ಹಚ್ಚಿ ನೋಡಿದೆ. ಸಕ್ಕರೆ ಇಳಿದಿತ್ತು. ಬಾಯಿಗೆ ಸಕ್ಕರೆ ಹಾಕಲು ಹೋದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಎದೆಯ ಮೇಲಿನ ಕೈ ಇಳಿಯಲಿಲ್ಲ.

“ಎದಿ ನೋವ ಆಗ್ಲಿಕತ್ತದೇನ್ ಯವ್ವಾ?” ಎಂದು ಮನೆಯವರು ಕೇಳಿದರು. ಅವರು ಎದೆಯನ್ನು ಇನ್ನೊಮ್ಮೆ ತಡವಿದರು. ಮನೆಯವರ ಮುಖ ಬಿಳಿಚಿತು. “ನಡೀ, ಅಫಜಲಪುರದ ದವಾಖಾನಿಗೆ” ಎಂದು ತಾಯಿಯನ್ನು ಎತ್ತಿಕೊಂಡೇ ಕಾರಿಗೆ ಒಯ್ದರು. ಚಾಪೆ, ಡಬ್ಬಿ ಎಲ್ಲವನ್ನೂ ಮಗಳು ಹೇಗಿದ್ದವೋ ಹಾಗೆ ಬಾಚಿಕೊಂಡು ಬಂದಳು.

ಕಾರು ಓಡುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆಯ ತಲೆ ನನ್ನ ಭುಜದ ಮೇಲಿತ್ತು, ಮೈ ತಣ್ಣಗೆ ಅಂಟಂಟಾಗಿತ್ತು. ಮನೆಯವರು ಗೇರ್ ಬದಲಿಸುತ್ತಲೇ ಹೇಳಿದರು. “ಆತು, ಸಾಕು. ತಂಗಿ ಹೇಳಿದ್ದೇ ಬರಾಬರ್ ಅದ. ಕೊಳಕೂರಾಗ ಬಿಡೋದು. ಇಲ್ಲಂದ್ರ ಬಾದಾಮಿನೇ ಬ್ಯಾಡ.”

ಆ ಮಾತು ಕೇಳಿದಾಗ ನನ್ನೊಳಗೆ ಏನಾಯಿತು ಎಂದು ಹೇಳಲು ನಾಚಿಕೆಯಾಗುತ್ತದೆ. ಅಷ್ಟು ಹೆದರಿಕೆಯ ನಡುವೆಯೂ, ಒಂದೇ ಒಂದು ಗಳಿಗೆ, ಭಾರ ಇಳಿದಂತಾಯಿತು. ನಾನು ಹೇಳಬೇಕಾಗಿದ್ದನ್ನು ಅವರೇ ಹೇಳಿದರು. ಇನ್ನು ಪೆನ್ಸಿಲಿನ ಮೇಲೆ ಇಂಕು ಎಳೆಯಬಹುದು. ಮರುಗಳಿಗೆ ಭುಜದ ಮೇಲಿನ ತಲೆ ಒಂದಿಷ್ಟು ಜಾರಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ದವಾಖಾನೆಯಲ್ಲಿ ಮೊದಲು ಚೀಟಿ ಕೇಳುತ್ತಾರೆ ಎಂದು ಕೊರಳಿನ ಚೀಲದ ಜಿಪ್ ಎಳೆದೆ. ಕೈಗೆ ಮೊದಲು ಸಿಕ್ಕದ್ದು ಕರ್ಚೀಫಿನ ಗಂಟು. ಏನಿದು ಎಂದು ಬಿಚ್ಚಿದೆ. ಬೆಳ್ಳಿಯ ಕರಡಿಗೆ.

ಬೆಳಿಗ್ಗೆ ಆರೂವರೆಯಿಂದ ಅತ್ತೆಯ ಲಿಂಗ ನನ್ನ ಎದೆಯ ಮೇಲಿದೆ. ಐವತ್ತು ವರ್ಷಕ್ಕೂ ಮೇಲ್ಪಟ್ಟು, ಮೈಮೇಲೆ ಲಿಂಗವಿಲ್ಲದೆ ಅವರು ಒಂದು ಗುಟುಕು ನೀರೂ ಕುಡಿದವರಲ್ಲ. ಇದು ನನಗೆ ಗೊತ್ತಿಲ್ಲದ್ದಲ್ಲ, ಮದುವೆಯಾಗಿ ಬಂದ ದಿನದಿಂದ ನೋಡಿದ್ದೇನೆ. ಆದರೆ ನಾನು ನನ್ನ ಲಿಂಗವನ್ನು ದೇವರ ಜಗಲಿಯ ಮೇಲಿಟ್ಟು, ಚಹಾ ಕುಡಿದು ಶಾಲೆಗೆ ಓಡುವವಳು. ನನಗೆ ಅದು ಮೈಯಲ್ಲಿಲ್ಲ, ತಿಳಿವಳಿಕೆಯಲ್ಲಿ ಮಾತ್ರ ಇದೆ. ಆದ್ದರಿಂದಲೇ ಸುಲಭವಾಗಿ ಮರೆತೆ. ಅತ್ತೆ ಮರೆತಿರಲಿಲ್ಲ. ಯಾಕೆ ಉಣ್ಣಬಾರದು ಎಂದು ಹೇಳುವ ಮಾತು ಅವರಿಗೆ ಸಿಕ್ಕಿರಲಿಲ್ಲ, ಅಷ್ಟೇ.

“ಗಾಡಿ ನಿಲ್ಸ್ರಿ!” ಎಂದು ಕಿರುಚಿದೆ.

“ಯಾಕ? ಏನಾತು?”

“ಮೊದಲ ನಿಲ್ಸ್ರಿ!”

ಕಬ್ಬಿನ ಹೊಲದ ಪಕ್ಕದಲ್ಲಿ ಕಾರು ನಿಂತಿತು. ಹೊಸ ದಾರ ಪೋಣಿಸುತ್ತ ಕೂರುವಷ್ಟು ಹೊತ್ತಿರಲಿಲ್ಲ. ಕರಡಿಗೆಯನ್ನು ಹಾಗೆಯೇ ಅತ್ತೆಯ ಎಡ ಅಂಗೈಯಲ್ಲಿಟ್ಟೆ. ಅರೆಮುಚ್ಚಿದ್ದ ಅವರ ಕಣ್ಣು ತೆರೆಯಿತು. ಬೆರಳು ತಾವಾಗಿಯೇ ಮುಚ್ಚಳ ತೆಗೆದವು. ಮಗಳು ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದಳು. ವಿಭೂತಿ ಇರಲಿಲ್ಲ. ತಮ್ಮ ಹಣೆಯ ಮೇಲಿದ್ದ ವಿಭೂತಿಯನ್ನೇ ಬೆರಳಿಗೆ ಒರೆಸಿಕೊಂಡು ಲಿಂಗಕ್ಕೆ ಹಚ್ಚಿದರು, ಕಣ್ಣಿಗೆ ಒತ್ತಿಕೊಂಡರು, ತುಟಿ ಅಲುಗಿತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಎರಡು ನಿಮಿಷ ನಾನು ಕಂಡಿಲ್ಲ.

ಆಮೇಲೆ ಕರಡಿಗೆಯನ್ನು ಸೆರಗಿನ ತುದಿಯಲ್ಲಿ ಕಟ್ಟಿ, ಸೆರಗನ್ನು ಎದೆಗೆ ಅವಚಿಕೊಂಡು, ನನ್ನ ಕಡೆ ತಿರುಗಿದರು.

“ಹಸಿವಾಗೇದ. ಏನರ ತಿನ್ನಾಕ ಕೊಡವ್ವಾ.”

ಮೊದಲು ಸಕ್ಕರೆ ನೀರು ಕುಡಿದರು. ಆಮೇಲೆ ಮೊಸರಲ್ಲಿ ನೆನೆದ ರೊಟ್ಟಿ. ಎರಡು ರೊಟ್ಟಿ ತಿಂದು ಇನ್ನೊಂದಿಷ್ಟು ಹಿಂಡಿ ಕೇಳಿದರು. ನಾನು ಪಕ್ಕದಲ್ಲಿ ಕೂತು ಗೊಳೋ ಎಂದು ಅತ್ತುಬಿಟ್ಟೆ. ಮನೆಯವರು ಮುಂದಿನ ಸೀಟಿನಲ್ಲಿ ಸ್ಟೇರಿಂಗಿನ ಮೇಲೆ ಹಣೆಯಿಟ್ಟುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಮಷಿನ್ ಹಚ್ಚಿ ನೋಡಿದಾಗ ಸಕ್ಕರೆ ಏರಿತ್ತು. ಆದರೂ ಅಫಜಲಪುರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿಯೇ ಮುಂದೆ ಹೋದೆವು. ಎದೆಗೆ ಏನೂ ಆಗಿಲ್ಲ, ಹೊತ್ತಿಗೆ ಸರಿಯಾಗಿ ಉಣ್ಣಿಸಬೇಕು ನೋಡಿ ಎಂದು ಅವರು ನನಗೆ ಬುದ್ಧಿ ಹೇಳಿದರು. ಹೂಂ ಎಂದೆ. ಯಾಕೆ ಉಣ್ಣಲಿಲ್ಲ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಳಂದಕ್ಕೆ ಬಂದಾಗ ಮೂರು ಗಂಟೆ. ಎದುರುಮನೆಯ ಹೆಂಗಸು ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. “ಎಲ್ಲಿಗೆ ಹೋಗಿದ್ರಿ ಆಯಿ?” ಎಂದು ಕೇಳಿದಳು. ಅತ್ತೆ ಖುಷಿಯಿಂದ ನಿಂತು ಹೇಳಿದರು. “ಬಾದಾಮಿಗೆ ಹೋಗಿದ್ವಿ. ಗುಡಿ ನೋಡಿದ್ವಿ, ಹೊಳಿ ನೋಡಿದ್ವಿ. ಎಲ್ಲಾ ತೋರಿಸ್ಕೊಂಡು ಬಂದಾಳ ನನ್ನ ಸೊಸಿ.”

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮನೆಯವರು ಒಳಗೆ ಬಂದ ಮೇಲೆ ಮೆಲ್ಲಗೆ ಅಂದರು. “ಆಕಿ ಮನಸಿನಾಗ ಹೋಗಿಬಂದಂಗ ಆಗೇದ. ಇನ್ ಕೊಳಕೂರಾಗ ಬಿಟ್ರೂ ಆಕಿಗೆ ತಿಳಿಯೂದಿಲ್ಲ. ಬ್ಯಾಸರಾನೂ ಆಗೂದಿಲ್ಲ.”

ಎಷ್ಟು ಸುಲಭವಾಗಿತ್ತು! ಯಾರಿಗೂ ನೋವಿಲ್ಲ, ಯಾರೂ ಯಾರಿಗೂ ಸುಳ್ಳು ಹೇಳಬೇಕಿಲ್ಲ. ಹೊಸ ಶಿವದಾರ ತೆಗೆದುಕೊಂಡು ಅತ್ತೆಯ ಹತ್ತಿರ ಹೋದೆ. ಅವರು ಟ್ರಂಕಿನ ಮುಂದೆ ಕೂತಿದ್ದರು. ಮುಚ್ಚಳ ತೆರೆದಿತ್ತು. ಕ್ಯಾಲೆಂಡರಿನ ಹಾಳೆಯ ಮೇಲೆ, ಆ ಕಲ್ಲಿನ ಜಾಲಿಯ ಒಂದೊಂದು ತೂತಿನ ಮೇಲೂ ಬೆರಳು ಆಡಿಸುತ್ತಿದ್ದರು.

“ಇದೊಂದ್ ನೋಡೋದ್ ಉಳೀತು” ಎಂದರು. ನನಗೋ, ಆ ಕಿಟಕಿಗೋ, ತಮಗೆ ತಾವೇ ಹೇಳಿಕೊಂಡದ್ದೋ ಗೊತ್ತಿಲ್ಲ.

ಸೆರಗಿನ ಗಂಟು ಬಿಚ್ಚಿ ಕರಡಿಗೆ ಕೊಟ್ಟರು. ಕೊಡುವಾಗ ಈ ಸಲ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಅವರ ಎದುರಿಗೇ ಕೂತು, ಅವರ ಕಣ್ಣ ಮುಂದೆಯೇ ದಾರ ಪೋಣಿಸಿದೆ. ಫೋನ್ ಬಡಿದುಕೊಂಡಿತು. ನಾದಿನಿಯದೇ ಇರಬೇಕು, ಎತ್ತಲಿಲ್ಲ. ಮೂರು ಗಂಟು ಹಾಕಿ ಕೊರಳಿಗೆ ಹಾಕಿದೆ. ಅತ್ತೆ ಎರಡೂ ಕೈಯಿಂದ ದಾರವನ್ನು ಹಿಡಿದು ಎಳೆದು ನೋಡಿದರು. ಕೌದಿಯ ಹೊಲಿಗೆಯನ್ನು ಹೀಗೇ ಎಳೆದು ನೋಡುತ್ತಿದ್ದರು.

ಮನೆಯವರು ಬಾಗಿಲಲ್ಲಿ ಬಂದು ನಿಂತರು. ಮುಖ ನೋಡಿದರೆ ಅವರಿಗೂ ಸಮಾಧಾನವಿರಲಿಲ್ಲ. ನಮ್ಮಿಬ್ಬರಿಂದ ಆಗದ್ದನ್ನು ಕಡೆಗೆ ಅವರು ತಾಯಿಯನ್ನೇ ಕೇಳಿದರು. “ಯವ್ವಾ, ನಾವು ಬಾದಾಮಿ, ಪಟ್ಟದಕಲ್ಲಿಗೆ ಹೊಂಟೇವಿ. ನೀ ಕೊಳಕೂರಾಗ ತಂಗಿ ಕಡಿ ಇರ್ತಿಯೋ, ನಮ್ಮ ಜೋಡಿ ಬರ್ತಿಯೋ?”

ಅತ್ತೆ ಮಗನನ್ನು ನೋಡಿದರು. ನನ್ನನ್ನು ನೋಡಿದರು. ದಾರ ಇನ್ನೊಮ್ಮೆ ಎಳೆದು ನೋಡಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟರು.

“ಈಕಿಗೆ ಮರವು ಭಾಳ ಆಗೇದಪ್ಪಾ. ಒಬ್ಬಾಕಿನ್ನ ಅಷ್ಟ ದೂರ ಹ್ಯಾಂಗ ಕಳಿಸ್ಲಿ? ನಾನೂ ಬರ್ತೇನಿ.”

ಪೆನ್ಸಿಲಿನ ಆ ಸಾಲಿಗೆಂದು ನಾನು ರಬ್ಬರ್ ಹುಡುಕಲು ಎದ್ದೆ.